ಜೋಡಿ ಕಟ್ಟುವ ಕೆಲಸ

ನನಗೆ ಜೋಡಿ ಕಟ್ಟುವ ಕೆಲಸ ಗೊತ್ತು ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಹೇಗೋ ಹಬ್ಬಿ, ಒಮ್ಮೆ ಹಿರಿಯರೊಬ್ಬರು ತಮ್ಮ ಮಗಳ ಜಾತಕವನ್ನು ಹಿಡಿದುಕೊಂಡು ಬೆಳಗಿನ ಕಾಫಿಯ ಹೊತ್ತಿಗೇ ನಮ್ಮ ಮನೆಗೆ ಬಂದುಬಿಟ್ಟಿದ್ದರು. ನಾನು ಕಟ್ಟುವುದು ಗಂಡು ಹೆಣ್ಣುಗಳ ಜೋಡಿಯನ್ನಲ್ಲ, ಮಟ್ಟಿಯಲ್ಲಿ ಸೆಣಸುವ ಪೈಲ್ವಾನರ ಜೋಡಿಯನ್ನು ಎಂದು ತಿಳಿಸಿದಾಗ ಪಾಪ, ಅವರು ಪೆಚ್ಚಾದರು. ಕಾಫಿ ತಂದಿಟ್ಟ ನನ್ನ ಶ್ರೀಮತಿ, “ಎರಡಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ ಬಿಡಿ. ಆದರೆ ಇವರ ಕಣ್ಣನ್ನು ಮಾತ್ರ ನಂಬಬೇಡಿ. ಮದುವೆಯಾದ ಲಾಗಾಯ್ತು ಒಂದು ಸಲವಾದರೂ ಒಳ್ಳೆಯ ಹಲಸಿನ ಹಣ್ಣು ತಂದವರಲ್ಲ” ಎಂದಳು.

ಈ ಆಪಾದನೆಯನ್ನು ನಾನು ಅಲ್ಲಗಳೆಯಲಾರೆ. ಹಣ್ಣನ್ನು ತಟ್ಟಿ ನೋಡುತ್ತೇನೆ, ಮೂಸಿ ನೋಡುತ್ತೇನೆ, ಮುಳ್ಳಿನ ಅಂತರವನ್ನು ಬೆರಳಿನಿಂದ ಅಳೆಯುತ್ತೇನೆ, ಮಾರುವವನ ಮುಖವನ್ನೂ ಪರೀಕ್ಷಿಸುತ್ತೇನೆ. ಮನೆಗೆ ತಂದು ಕೊಯ್ದಾಗ ಒಳಗೆ ಬರಿಯ ನಾರು! ಹಲಸಿನ ಹಣ್ಣಿನ ಒಳಗನ್ನೇ ಕಾಣಲಾರದವನು ಹದಿನೆಂಟು ವರ್ಷದ ಹುಡುಗನ ಒಳಗನ್ನು ಹೇಗೆ ಕಂಡಾನು ಎಂಬ ಪ್ರಶ್ನೆಯನ್ನು ಅನ್ಯರು ಕೇಳುವ ಮೊದಲು ನಾನೇ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ.

ನಾನು ಪೈಲ್ವಾನನಲ್ಲ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಲೆಗಳಲ್ಲಿ ವ್ಯಾಯಾಮದ ಮೇಷ್ಟರಾಗಿದ್ದು ನಿವೃತ್ತನಾದವನು. ನಂಜನಗೂಡಿನಲ್ಲಿದ್ದಾಗ ಸಂಜೆಯ ಹೊತ್ತು ಕಪಿಲೆಯ ದಡದಲ್ಲಿ ತಿರುಗಾಡಿ ಬರುವ ದಾರಿಯಲ್ಲಿ ಒಂದು ಗರಡಿಯಿತ್ತು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದಷ್ಟು ಚಿಕ್ಕ ಬಾಗಿಲು, ಒಳಗೆ ಎಣ್ಣೆ, ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು. ಅಲ್ಲಿಯ ಉಸ್ತಾದರು ಮಾತು ಕಡಿಮೆಯ ಮನುಷ್ಯ. ನಾನು ಹೋಗಿ ಕುಳಿತರೆ ಬೇಡವೆನ್ನುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೆ ಕುಳಿತು ಕುಳಿತು ನನಗೂ ಒಂದಿಷ್ಟು ಕಣ್ಣಳತೆ ಬಂದಿತು. ಅಥವಾ ಬಂದಿತೆಂದು ನಾನು ಭಾವಿಸಿದೆ.

ಜೋಡಿ ಕಟ್ಟುವುದೆಂದರೇನೆಂದು ಪಟ್ಟಣದ ಓದುಗರಿಗೆ ಸ್ವಲ್ಪ ವಿವರಿಸಬೇಕು. ಈಗ ಕುಸ್ತಿಯಲ್ಲಿ ಎರಡು ಬಗೆಗಳುಂಟು. ಒಂದು, ಮ್ಯಾಟಿನ ಮೇಲೆ ಆಡುವ ಪಾಯಿಂಟ್ ಕುಸ್ತಿ. ಅಲ್ಲಿ ದೇಹತೂಕದ ವಿಭಾಗಗಳಿವೆ. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೋ ಅಲ್ಲಿಗೆ ನಿಮ್ಮ ಎದುರಾಳಿ ಯಾರೆಂಬುದು ಅರ್ಧ ತೀರ್ಮಾನವಾದಂತೆ. ಇನ್ನೊಂದು, ನಮ್ಮ ಹಳೆಯ ನಾಡಕುಸ್ತಿ. ಇಲ್ಲಿ ಅಂಕವಿಲ್ಲ. ಎದುರಾಳಿಯ ಎರಡೂ ಭುಜಗಳನ್ನು ಮಣ್ಣಿಗೆ ಮುಟ್ಟಿಸಿ ಚಿತ್ ಮಾಡಿದವನು ಗೆದ್ದ. ಗೊತ್ತುಮಾಡಿದ ಹೊತ್ತಿನೊಳಗೆ ಯಾರೂ ಚಿತ್ ಆಗದಿದ್ದರೆ ಸಮ. ತೂಕದ ವಿಭಾಗಗಳಿಲ್ಲದ ಕಾರಣ ಯಾರ ಎದುರಿಗೆ ಯಾರನ್ನು ಬಿಡಬೇಕೆಂಬುದನ್ನು ಬಲ್ಲವರು ಮೊದಲೇ ಕುಳಿತು ನಿರ್ಧರಿಸಬೇಕು. ಮೈಸೂರು ದಸರೆಯ ಕುಸ್ತಿಗೆ ಮುಂಚೆ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡದಲ್ಲಿ ಈ ಕಾರ್ಯ ವಿಧಿವತ್ತಾಗಿ ನಡೆಯುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರಗಳ ಗರಡಿಗಳಿಂದ, ಉತ್ತರದ ಬೆಳಗಾವಿ, ದಾವಣಗೆರೆಗಳಿಂದಲೂ ಪೈಲ್ವಾನರು ಬರುತ್ತಾರೆ. ಒಬ್ಬೊಬ್ಬರನ್ನೇ ಕರೆದು, ಎತ್ತರ, ಮೈಕಟ್ಟು, ವಯಸ್ಸು, ಪಳಗಿದ ವರ್ಷಗಳನ್ನು ವಿಚಾರಿಸಿ, ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ. ಇಬ್ಬರೂ ಒಪ್ಪಿ ಕೈ ಕುಲುಕಿದರೆ ಜೋಡಿ ಕಟ್ಟಿದಂತೆ. ಹೆಸರು ಪುಸ್ತಕಕ್ಕೆ ಏರುತ್ತದೆ, ಮುಂದೆ ಇಷ್ಟು ನಿಮಿಷದ ಕುಸ್ತಿ ಎಂದು ಬರೆಯುತ್ತಾರೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯ ಕುಸ್ತಿಯಿಂದ ಹಿಡಿದು ಸಣ್ಣಪುಟ್ಟ ಊರಹಬ್ಬಗಳ ಕುಸ್ತಿಯವರೆಗೆ ಎಲ್ಲೆಲ್ಲಿಯೂ ಇದೇ ಪದ್ಧತಿ.

ಈ ಪರೀಕ್ಷೆಯಿಂದ ಪಾರಾದ ಪೈಲ್ವಾನರೂ ಚರಿತ್ರೆಯಲ್ಲಿ ಇಲ್ಲದಿಲ್ಲ. ೧೬೩೮ರಲ್ಲಿ ಪಟ್ಟವೇರಿದ ರಣಧೀರ ಕಂಠೀರವ ನರಸರಾಜ ಒಡೆಯರು ಅದಕ್ಕೆ ಮುಂಚೆ ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿ ಸೋಲನ್ನೇ ಕಾಣದಿದ್ದ ಜಟ್ಟಿಯೊಬ್ಬನನ್ನು ಕೆಡವಿ ಬಂದರೆಂದು ಪ್ರತೀತಿ. ಬಂದವನು ಎಂಥವನೆಂದು ಆ ಊರಿನ ಬಲ್ಲವರಿಗೆ ಗುರುತು ಸಿಗಲಿಲ್ಲ. ಈ ಕತೆಯನ್ನು ಕೇಳುವಾಗ ಎಲ್ಲರೂ ಒಡೆಯರ ಶೌರ್ಯಕ್ಕೆ ತಲೆದೂಗುತ್ತಾರೆ. ನನಗೆ ಮಾತ್ರ ಅಂದು ಅಲ್ಲಿ ಜೋಡಿ ಒಪ್ಪಿದ ಹಿರಿಯರನ್ನು ನೆನೆದು ಮರುಕವಾಗುತ್ತದೆ.

ನಮ್ಮ ಉಸ್ತಾದರು ಹುಡುಗರನ್ನು ನೋಡುತ್ತಿದ್ದ ಕ್ರಮ ವಿಚಿತ್ರವಾಗಿತ್ತು. ಉಬ್ಬಿದ ಎದೆಯ ಕಡೆಗೆ ಅವರ ಕಣ್ಣು ಹೋಗುತ್ತಲೇ ಇರಲಿಲ್ಲ. ಮೊದಲು ಕತ್ತು, ಆಮೇಲೆ ಮಣಿಕಟ್ಟು, ಆಮೇಲೆ ಕಿವಿ. ವರ್ಷಾನುಗಟ್ಟಲೆ ಹಿಡಿತದಲ್ಲಿ ಉಜ್ಜಿ ಮುದುಡಿದ ಕಿವಿ ಪೈಲ್ವಾನನ ನಿಜವಾದ ಸರ್ಟಿಫಿಕೇಟು ಎನ್ನುತ್ತಿದ್ದರು. ಅನಂತರ ಐವತ್ತು ಬಸ್ಕಿ ಹೊಡೆಸಿ, ಮುಗಿದ ಕೂಡಲೆ, “ನಿಮ್ಮೂರಿಗೆ ಬಸ್ಸು ಎಷ್ಟು ಗಂಟೆಗಪ್ಪಾ?” ಎಂದು ಕೇಳುತ್ತಿದ್ದರು. ಹುಡುಗ ಏದುಸಿರು ಬಿಡದೆ ಉತ್ತರ ಹೇಳಿದರೆ ಅವನಿಗೆ ದಮ್ಮುಂಟು. ಕೊನೆಯದಾಗಿ ಮಟ್ಟಿಗೆ ಇಳಿಸಿ, ತಮ್ಮ ಗರಡಿಯ ಹಳಬನೊಬ್ಬನಿಂದ ಎರಡು ಸಲ ಕೆಡವಿಸುತ್ತಿದ್ದರು. ಗೆಲ್ಲುವಾಗ ಹುಡುಗ ಹೇಗಿರುತ್ತಾನೆಂಬುದು ಅವರಿಗೆ ಬೇಕಾಗಿರಲಿಲ್ಲ. ಬಿದ್ದವನು ಎದ್ದಾಗ ಏನು ಮಾಡುತ್ತಾನೆ? ಸುತ್ತ ನಿಂತವರ ಮುಖ ನೋಡುತ್ತಾನೆಯೋ, ತನ್ನ ಕಾಲು ಎಲ್ಲಿ ತಪ್ಪಿತೆಂದು ನೋಡುತ್ತಾನೆಯೋ? ಅಷ್ಟನ್ನು ನೋಡಿ ಅವರು ಎದ್ದುಬಿಡುತ್ತಿದ್ದರು.

ಮೂರು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ದಸರೆಗೆ ಬಂದಿದ್ದಾಗ ಅವನನ್ನೂ ಒಂದು ದಿನ ಜೋಡಿ ಕಟ್ಟುವಲ್ಲಿಗೆ ಕರೆದೊಯ್ದೆ. ಸ್ವಲ್ಪ ಹೊತ್ತು ನೋಡಿದವನೇ, “ದೊಡ್ಡಪ್ಪ, ಇದು ನಮ್ಮಲ್ಲಿಯ ಡ್ರಾಫ್ಟ್ ಇದ್ದ ಹಾಗೇ ಇದೆ” ಎಂದ. ಅಲ್ಲಿಯ ಫುಟ್‌ಬಾಲನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದೇ ಆಡುತ್ತಾರಂತೆ; ಹೆಸರಿನ ಗೊಡವೆ ನಮಗೆ ಬೇಡ. ಹನ್ನೊಂದು ಜನರ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೊಬ್ಬನಿರುತ್ತಾನೆ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಅವನ ಕೈಗೆ. ಗೂಳಿಗಳಂಥ ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ, ಎರಡು ಮೂರು ಸೆಕೆಂಡುಗಳಲ್ಲಿ, ಯಾರಿಗೆ ಎಸೆಯಬೇಕೆಂದು ನಿಶ್ಚಯಿಸಿ ಎಸೆಯಬೇಕು. ತಂಡದ ಅದೃಷ್ಟವೆಲ್ಲ ಅವನ ತೋಳಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಅವನ ತಲೆಯಲ್ಲಿ. ಕಾಲೇಜುಗಳಲ್ಲಿ ಆಡಿ ಹೆಸರು ಮಾಡಿದ ಹುಡುಗರನ್ನು ೩೨ ವೃತ್ತಿಪರ ತಂಡಗಳು ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಅದಕ್ಕೆ ಮುಂಚೆ ಇಂಡಿಯಾನಾಪೊಲಿಸ್ ನಗರಕ್ಕೆ ಹುಡುಗರನ್ನು ಕರೆಸಿ ೪೦ ಗಜ ಓಡಿಸುತ್ತಾರೆ, ಹಾರಿಸುತ್ತಾರೆ, ತೂಗುತ್ತಾರೆ, ಅಂಗೈಯ ಅಗಲವನ್ನು ಕೂಡ ಅಳೆಯುತ್ತಾರೆ.

“ಇಷ್ಟೆಲ್ಲ ಅಳೆದ ಮೇಲೆ ತಪ್ಪುವುದುಂಟೇ?” ಎಂದು ಕೇಳಿದೆ. ಅವನು ನಕ್ಕು ಎರಡು ಸಂಗತಿಗಳನ್ನು ಹೇಳಿದ. ೧೯೯೮ರಲ್ಲಿ ಪೇಟನ್ ಮ್ಯಾನಿಂಗ್, ರಯಾನ್ ಲೀಫ್ ಎಂಬ ಇಬ್ಬರಲ್ಲಿ ಯಾರನ್ನು ಮೊದಲು ಆರಿಸಬೇಕೆಂದು ಪಂಡಿತರಲ್ಲಿ ದೊಡ್ಡ ಚರ್ಚೆಯಾಯಿತು. ಮ್ಯಾನಿಂಗ್ ಮೊದಲನೆಯವನಾದ, ಲೀಫ್ ಎರಡನೆಯವನಾದ. ಮ್ಯಾನಿಂಗ್ ೨೦೧೬ರ ವರೆಗೆ ಆಟದಲ್ಲಿದ್ದು ಎರಡು ಬಾರಿ ಪರಮೋಚ್ಚ ಪ್ರಶಸ್ತಿ ಗೆದ್ದ. ಲೀಫನ ಆಟ ೨೦೦೧ರಲ್ಲಿಯೇ ಮುಗಿದುಹೋಯಿತು. ಆಮೇಲೆ ೨೦೦೦ನೆಯ ಇಸವಿ. ಮಿಷಿಗನ್ ವಿಶ್ವವಿದ್ಯಾನಿಲಯದ ಟಾಮ್ ಬ್ರೇಡಿ ಎಂಬ ಹುಡುಗ ೪೦ ಗಜ ಓಡುವುದಕ್ಕೆ ೫.೨೮ ಸೆಕೆಂಡು ತೆಗೆದುಕೊಂಡ. ಮೈಯೂ ನೋಡುವಂತಿರಲಿಲ್ಲ. ಅವನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳ ಆಯ್ಕೆಯಾಯಿತು. ಅವನ ಹೆಸರು ಬಂದದ್ದು ೧೯೯ನೆಯದಾಗಿ. ಮುಂದೆ ಅವನು ಗೆದ್ದ ಪರಮೋಚ್ಚ ಪ್ರಶಸ್ತಿಗಳು ಏಳು! ನಮಗೂ ಇಂಥ ಕತೆಗಳು ಗೊತ್ತಿಲ್ಲದವಲ್ಲ. ೨೦೦೮ರಲ್ಲಿ ಐ.ಪಿ.ಎಲ್. ತಂಡಗಳು ಹತ್ತೊಂಬತ್ತರೊಳಗಿನ ಹುಡುಗರನ್ನು ಸರದಿಯಲ್ಲಿ ಆರಿಸಿಕೊಂಡಾಗ ದೆಹಲಿಯವರು ತಮ್ಮ ಊರಿನವನೇ ಆದ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡರು. ಕೊಹ್ಲಿ ಬೆಂಗಳೂರಿಗೆ ಬಂದ. ದೆಹಲಿಯವರಿಗೆ ಕಣ್ಣಿರಲಿಲ್ಲವೆಂದಲ್ಲ, ಅಂದು ಅವರಿಗೆ ಬೇಕಾಗಿದ್ದುದು ಬೌಲರು.

ಆದರೆ ತಮ್ಮನ ಮಗನ ಹೋಲಿಕೆಯನ್ನು ಆ ರಾತ್ರಿ ಮಲಗಿ ಯೋಚಿಸಿದಾಗ ಒಂದು ವ್ಯತ್ಯಾಸ ಹೊಳೆಯಿತು. ಡ್ರಾಫ್ಟಿನಲ್ಲಿ ಕೇಳುವ ಪ್ರಶ್ನೆ, “ಎಲ್ಲರಿಗಿಂತ ಮೇಲು ಯಾರು?” ಎಂಬುದು. ಜೋಡಿ ಕಟ್ಟುವಾಗ ಕೇಳುವುದು, “ಇವನಿಗೆ ಸಮ ಯಾರು?” ಎಂದು. ಅಲ್ಲಿ ಭವಿಷ್ಯವನ್ನು ಸರಿಯಾಗಿ ನುಡಿದವನು ಜಾಣ. ಇಲ್ಲಿಯಾದರೋ, ಯಾರು ಗೆಲ್ಲುವರೆಂದು ಕಟ್ಟಿದವನಿಗೂ ತಿಳಿಯದಂಥ ಜೋಡಿಯೇ ಒಳ್ಳೆಯ ಜೋಡಿ. ಕುಸ್ತಿ ಶುರುವಾಗುವ ಮೊದಲೇ ಫಲಿತಾಂಶ ಗೊತ್ತಿದ್ದರೆ ನಾನು ಒಬ್ಬನಿಗೆ ಅನ್ಯಾಯ ಮಾಡಿದ್ದೇನೆಂದೇ ಅರ್ಥ. ಆದರೂ ಎರಡು ಕಡೆಯೂ ಒಂದು ದುಃಖ ಸಮಾನವಾದುದು. ಆರಿಸಿದವನು ಸೋತರೆ ಲೋಕಕ್ಕೆಲ್ಲ ತಿಳಿಯುತ್ತದೆ. ಆರಿಸದೆ ಕಳಿಸಿದವನು ಏನಾಗುತ್ತಿದ್ದನೆಂಬುದು ಯಾರಿಗೂ ತಿಳಿಯುವುದಿಲ್ಲ. ಬ್ರೇಡಿಗೆ ೧೯೯ನೆಯ ಕರೆಯಾದರೂ ಬಂತು. ಕರೆಯೇ ಬಾರದವರ ಲೆಕ್ಕವನ್ನು ಇಟ್ಟವರಾರು?

ಅಂಥ ಒಬ್ಬನನ್ನು ನಾನು ಬಲ್ಲೆ. ಅವನನ್ನು ಕಳಿಸಿದವನು ನಾನೇ.

ಇದು ಇಪ್ಪತ್ತೆಂಟು ವರ್ಷಗಳ ಹಿಂದಿನ ಮಾತು. ಕಪಿಲೆಯ ದಡದ ಒಂದು ಊರಿನ ಹಬ್ಬದ ಕುಸ್ತಿ. ಉಸ್ತಾದರು ಕಾಯಿಲೆ ಬಿದ್ದಿದ್ದರಿಂದ ಜೋಡಿ ಕಟ್ಟುವ ಭಾರ ನನ್ನ ಮೇಲೆ ಬಿದ್ದಿತ್ತು. ನನಗೆ ಆಗ ವಿದ್ಯೆಯ ಹುಮ್ಮಸ್ಸು. ಶಾಲೆಯಿಂದ ತೂಕದ ಯಂತ್ರವನ್ನು ತರಿಸಿದೆ. ನೋಟುಪುಸ್ತಕದಲ್ಲಿ ಗೆರೆ ಎಳೆದು ಎತ್ತರ, ತೂಕ, ಎದೆಯ ಸುತ್ತಳತೆ, ಪಳಗಿದ ವರ್ಷ ಎಂದು ಮನೆಗಳನ್ನು ಮಾಡಿ, ಒಂದೊಂದಕ್ಕೂ ಅಂಕ ಕೊಡುತ್ತ ಹೋದೆ. ಸುತ್ತ ನಿಂತವರು ಬೆರಗಾಗಿ ನೋಡುತ್ತಿದ್ದರು. ಅದು ನನಗೆ ಹಿತವಾಗಿಯೇ ಇತ್ತು.

ನರಸೀಪುರದಿಂದ ಆಚೆಯ ಹಳ್ಳಿಯೊಂದರಿಂದ ಹದಿನೇಳು ವರ್ಷದ ಹುಡುಗನೊಬ್ಬ ಅಣ್ಣನ ಜೊತೆಯಲ್ಲಿ ಮೊದಲನೆಯ ಬಸ್ಸಿಗೇ ಬಂದಿದ್ದ. ಕಂಕುಳಲ್ಲಿ ಲಂಗೋಟಿಯ ಪುಟ್ಟ ಗಂಟು. ಯಂತ್ರದ ಮೇಲೆ ನಿಲ್ಲಿಸಿದರೆ ೫೨ ಕಿಲೋ. ಅವನ ವಯಸ್ಸಿಗೆ ಸರಿಹೊಂದುವವರಲ್ಲಿ ಉಳಿದಿದ್ದವನು ೫೮ ಕಿಲೋ.

“ಆಗ್ಲಿ ಸಾ, ನಾ ಹಿಡೀತೀನಿ” ಎಂದ ಹುಡುಗ.

“ಆಗುವುದಿಲ್ಲಪ್ಪ. ಮೈ ಬರಲಿ. ಮುಂದಿನ ವರ್ಷ ಬಾ” ಎಂದೆ.

ಅವನು ಮತ್ತೆ ಕೇಳಲಿಲ್ಲ. ಮಟ್ಟಿಯ ಅಂಚಿಗೆ ಹೋಗಿ ಬಗ್ಗಿ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ಅಣ್ಣನ ಹಿಂದೆ ಹೊರಟುಹೋದ.

ಸಾಯಂಕಾಲ ಉಸ್ತಾದರನ್ನು ಕಾಣಲು ಹೋಗಿ, ನೋಟುಪುಸ್ತಕವನ್ನು ತೋರಿಸಿ, ಈ ಹುಡುಗನ ಸಂಗತಿಯನ್ನೂ ಹೇಳಿದೆ.

“ಬಸ್ಕಿ ಹೊಡೆಸಿ ನೋಡಿದಿರಾ, ಮೇಷ್ಟ್ರೇ?”

“ಇಲ್ಲ.”

“ಮಟ್ಟಿಗೆ ಇಳಿಸಿ ನೋಡಿದಿರಾ?”

“ಇಲ್ಲ.”

“ಮತ್ತೆ ಏನು ನೋಡಿದಿರಿ?”

ನಾನು ಸುಮ್ಮನಿದ್ದೆ. ಅವರೂ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕುಡಿಯಲು ಮಜ್ಜಿಗೆ ಕೇಳಿದರು. ಮುಂದಿನ ವರ್ಷ ಆ ಹುಡುಗ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಅಷ್ಟರಲ್ಲಿ ಉಸ್ತಾದರೂ ಇಲ್ಲವಾದರು.

ನನ್ನ ಪರವಾಗಿಯೂ ಹೇಳುವ ಮಾತಿಲ್ಲದಿಲ್ಲ. ಆರು ಕಿಲೋ ಎಂದರೆ ಆ ವಯಸ್ಸಿನ ಹುಡುಗರಲ್ಲಿ ಸಣ್ಣ ಅಂತರವಲ್ಲ. ಭಾರದವನು ಮೇಲೆ ಬಿದ್ದು ಹಗುರದವನ ಹೆಗಲ ಕೀಲು ತಪ್ಪಿದುದನ್ನು ನಾನು ಕಣ್ಣಾರೆ ಕಂಡವನು. ಬೇರೆಯವರ ಮಕ್ಕಳ ಮೈಮೂಳೆಗಳ ಮೇಲೆ ಪಂಥ ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ಬೇಡವೆಂದದ್ದು ತಪ್ಪಾಗಿರಲಾರದು. ನೋಡದೆ ಬೇಡವೆಂದದ್ದು ಮಾತ್ರ ತಪ್ಪು.

ಕಳೆದ ವರ್ಷ ಮಾಘಮಾಸದಲ್ಲಿ ಶ್ರೀಮತಿಯೊಡನೆ ತಿರುಮಕೂಡಲಿಗೆ ಹೋಗಿದ್ದೆ. ನಂಜನಗೂಡಿನಿಂದ ಸುತ್ತೂರನ್ನು ಹಾದು ಬಂದ ಕಪಿಲೆ ಅಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮದಲ್ಲಿ ಮಿಂದು ಗುಂಜಾ ನರಸಿಂಹಸ್ವಾಮಿಯ ದರ್ಶನಕ್ಕೆ ಹೋದೆವು. ಈ ಕ್ಷೇತ್ರವನ್ನು ಕಾಶಿಯೊಡನೆ ತೂಗಿದಾಗ ಇದು ಒಂದು ಗುಲಗಂಜಿಯಷ್ಟು ಹೆಚ್ಚು ತೂಗಿತೆಂದು ಐತಿಹ್ಯ; ಸ್ವಾಮಿಯ ಕೈಯಲ್ಲಿಯೂ ಗುಲಗಂಜಿಯುಂಟು. ದೇವರೇ ತೂಗಲು ಕುಳಿತರೂ ಅಂತರ ಒಂದು ಗುಲಗಂಜಿ! ನನ್ನ ಯಂತ್ರದ ಆರು ಕಿಲೋ ಏಕೋ ನೆನಪಾಗಿ ಮನಸ್ಸು ಮಂಕಾಯಿತು.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ನಲವತ್ತು ದಾಟಿದ ಗಟ್ಟಿ ಆಳೊಬ್ಬ ಬಂದು ಕೈಮುಗಿದ. “ನನ್ ಗುರ್ತು ಸಿಕ್ತಾ ಮೇಷ್ಟ್ರೇ? ಐವತ್ತೆರಡು ಕಿಲೋ!” ಎಂದು ನಕ್ಕ. ನನ್ನ ಕೈಯಲ್ಲಿದ್ದ ಪ್ರಸಾದದ ಪೊಟ್ಟಣ ಬೀಳುವುದರಲ್ಲಿತ್ತು. ಈಗ ಕಬ್ಬಿನ ಲಾರಿ ಓಡಿಸುತ್ತಾನಂತೆ. ಊರಿನಲ್ಲಿ ಸ್ವಲ್ಪ ಜಮೀನಿದೆ. ನಾನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದುದನ್ನು ತೋಡಿಕೊಂಡು, “ಅಂದು ನಾನು ನಿನ್ನನ್ನು ನೋಡದೆ ಕಳಿಸಿದೆನಪ್ಪ” ಎಂದೆ.

ಅವನು ತಲೆ ಕೆರೆದುಕೊಂಡ. “ನೀವ್ ಏಳಿದ್ದು ಸರಿ ಇದ್ರೂ ಇರ್ಬೋದು ಮೇಷ್ಟ್ರೇ. ಆ ವರ್ಸ ಜರ ಬಂದು ಮೈ ಇಳ್ದೋಗಿತ್ತು. ಇಲ್ದೇನೂ ಇರ್ಬೋದು. ನಂಗೊತ್ತಿಲ್ಲ. ಅದೊಂದೇ ನೋಡಿ ಕೊರಗು. ಸೋತಿದ್ರೂ ಗೊತ್ತಾಗಿರೋದು.” ಆಮೇಲೆ, ತನ್ನ ಮಗ ಈಗ ಸಾಮು ಮಾಡುತ್ತಾನೆಂದೂ, ಹಬ್ಬದ ಕುಸ್ತಿಗೆ ಕರೆತರುತ್ತೇನೆಂದೂ ಹೇಳಿ ಹೊರಟುಹೋದ.

ವೈಶಾಖದಲ್ಲಿ ಕರೆತಂದೇ ತಂದ. ಅದೇ ಊರು, ಅದೇ ಹಬ್ಬ. ಹುಡುಗನಿಗೆ ಹದಿನೆಂಟು, ತಂದೆಯಂತೆಯೇ ಸಣಕಲು. ಸಿಕ್ಕಬಹುದಾದ ಎದುರಾಳಿ ನಂಜನಗೂಡಿನ ಕಡೆಯವನು, ನಾಲ್ಕು ಕಿಲೋ ಹೆಚ್ಚು. ಜೊತೆಯಲ್ಲಿ ಕುಳಿತ ಹಿರಿಯರು ಬೇಡವೆಂದು ತಲೆಯಾಡಿಸಿದರು. ತಂದೆ ದೂರದಲ್ಲಿ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಒಂದು ಮಾತನ್ನೂ ಆಡಲಿಲ್ಲ.

ನಾನು ಹುಡುಗನಿಗೆ ಐವತ್ತು ಬಸ್ಕಿ ಹೇಳಿದೆ. ಮುಗಿದ ಕೂಡಲೆ, “ನಿಮ್ಮೂರಿಗೆ ಬಸ್ಸು ಎಷ್ಟು ಗಂಟೆಗಪ್ಪಾ?” ಎಂದೆ. “ಆರೂವರೆಗೊಂದು, ಏಳೂಕಾಲಿಗೊಂದು ಸಾ. ಏಳೂಕಾಲಿಂದು ದಿನಾ ಬರಕಿಲ್ಲ” ಎಂದು ಒಂದೇ ಉಸಿರಿನಲ್ಲಿ ಹೇಳಿದ. ಮಟ್ಟಿಗೆ ಇಳಿಸಿ ಹಳಬನೊಬ್ಬನಿಂದ ಕೆಡವಿಸಿದೆ. ಮೊದಲ ಸಲ ಬಿದ್ದ. ಎದ್ದು ತನ್ನ ಎಡಗಾಲನ್ನು ನೋಡಿಕೊಂಡ. ಎರಡನೆಯ ಸಲ ಬೀಳುವಾಗ ಆ ಎಡಗಾಲು ಮೊದಲಿದ್ದ ಜಾಗದಲ್ಲಿರಲಿಲ್ಲ. ನನಗೆ ಅಷ್ಟು ಸಾಕಾಯಿತು. ಎದುರಾಳಿಯನ್ನೂ ಅವನ ಉಸ್ತಾದರನ್ನೂ ಕೇಳಿ ಒಪ್ಪಿಸಿ, ಹದಿನೈದು ನಿಮಿಷದ ಕುಸ್ತಿಯನ್ನು ಹತ್ತಕ್ಕೆ ಇಳಿಸಿ, ಪುಸ್ತಕದಲ್ಲಿ ಬರೆಸಿದೆ. ಹುಡುಗರು ಕೈ ಕುಲುಕಿದರು. ಯಾರು ಗೆಲ್ಲುವರೆಂದು ಪಕ್ಕದವರು ಕೇಳಿದರೆ, ಗೊತ್ತಿಲ್ಲವೆಂದೆ. ಹಾಗೆನ್ನುವಾಗ ಇಪ್ಪತ್ತೆಂಟು ವರ್ಷಗಳಿಂದ ಇಲ್ಲದ ಒಂದು ನೆಮ್ಮದಿಯಾಯಿತು.

ಕುಸ್ತಿಯ ದಿನ ಏಳು ನಿಮಿಷಗಳ ವರೆಗೆ ಯಾರೂ ಸೋಲಲಿಲ್ಲ. ಹುಡುಗ ಒಮ್ಮೆ ಎದುರಾಳಿಯನ್ನು ಅಡಿಗೆ ಕೆಡವಿಯೂ ಬಿಟ್ಟ; ಜನ ಎದ್ದು ನಿಂತರು. ಎಂಟನೆಯ ನಿಮಿಷದಲ್ಲಿ ಭಾರದವನ ಹಿಡಿತಕ್ಕೆ ಸಿಕ್ಕಿ ಚಿತ್ ಆದ. ಗೆದ್ದವನೇ ಕೈಕೊಟ್ಟು ಎತ್ತಿದ. ಇಬ್ಬರೂ ಮಟ್ಟಿಯ ಮಣ್ಣನ್ನು ಹಣೆಗೆ ಇಟ್ಟುಕೊಂಡರು.

ನಾನು ಮೆಲ್ಲನೆ ಎದ್ದು ಬೇವಿನ ಮರದ ಹತ್ತಿರ ಹೋದೆ. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ತಂದೆಯೇ, “ಗೊತ್ತಾಯ್ತಲ್ಲ ಮೇಷ್ಟ್ರೇ, ಅಷ್ಟು ಸಾಕು” ಎಂದ. ಮೈಯೆಲ್ಲ ಕೆಮ್ಮಣ್ಣಾಗಿ ಬಂದ ಹುಡುಗ ನನ್ನ ಕಾಲು ಮುಟ್ಟಿ ಎದ್ದು, “ಮುಂದ್ಲ ವರ್ಸಾನೂ ಅವ್ನ್ ಜೊತೇಲೇ ಜೋಡಿ ಕಟ್ಟಿ ಸಾ” ಎಂದ.

ಹೊರಡುವಾಗ ಲಾರಿಯಿಂದ ಒಂದು ದೊಡ್ಡ ಹಲಸಿನ ಹಣ್ಣನ್ನು ಇಳಿಸಿ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ. ಶ್ರೀಮತಿ ತಟ್ಟಿ ನೋಡಿ, “ಇದನ್ನೂ ನೀವೇ ಆರಿಸಿದಿರೋ?” ಎಂದಳು. ಇಲ್ಲವೆಂದೆ. “ಹಾಗಾದರೆ ಚೆನ್ನಾಗಿರಬಹುದು” ಎಂದು ಕತ್ತಿಗೆ ಎಣ್ಣೆ ಸವರಿ ಕೊಯ್ದಳು.

ಹಣ್ಣು ಇನ್ನೂ ಪಕ್ವವಾಗಿರಲಿಲ್ಲ. ಮರುದಿನ ಅದು ಹುಳಿಯಾಯಿತು, ಬಹಳ ರುಚಿಯಾಗಿತ್ತು.